ಸ್ಟಾಲಿಗೆ ಕಟ್ಟಿದ ಕೌದಿ

ಷಿಕಾಗೋ ಪಕ್ಕದ ಲೈಲ್‌ನಲ್ಲಿರುವ ನಮ್ಮ ಸಬ್‌ಡಿವಿಷನ್ನಿಗೆ ಬಿಲ್ಡರು ಇಟ್ಟ ಹೆಸರಿನಲ್ಲಿ ಓಕ್ ಮರವೂ ಇದೆ, ಕೊಳವೂ ಇದೆ. ನೆಲದ ಮೇಲೆ ಎರಡೂ ಇಲ್ಲ. ಮನೆ ಬಿಟ್ಟು ಮನೆಗೆ ಕನ್ನಡದವರು ಬಂದು ಸೇರಿಕೊಂಡ ಮೇಲೆ ನಾವೆಲ್ಲ ಅದನ್ನು ಕಾಲೊನಿ ಎಂದೇ ಕರೆಯುತ್ತೇವೆ. ಕಾಲೊನಿ ಎಂದ ಮೇಲೆ ಅಧ್ಯಕ್ಷರೊಬ್ಬರು ಬೇಕಲ್ಲ, ಅವರೂ ಇದ್ದಾರೆ. ಮೈಸೂರಿನವರು, ರಿಟೈರಾದ ಡಾಕ್ಟರು. ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಅರಿವಳಿಕೆ ಕೊಡುವುದು ಅವರ ಕೆಲಸವಾಗಿತ್ತು. ಈಗ ಔಷಧಿಯ ಹಂಗಿಲ್ಲದೆ ಬರೀ ಭಾಷಣದಿಂದ ಅದೇ ಕೆಲಸ ಮುಂದುವರಿಸಿದ್ದಾರೆ.

ಡೆಟ್ರಾಯಿಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಅಂತಾರಾಷ್ಟ್ರೀಯ ವಸ್ತುಪ್ರದರ್ಶನ ನಡೆಯಲಿದೆ, ಯಾವ ಸಮುದಾಯದವರು ಬೇಕಾದರೂ ಸ್ಟಾಲ್ ಹಾಕಬಹುದು, ತೀರ್ಪುಗಾರರು ಬಂದು ನೋಡಿ ಬಹುಮಾನ ಕೊಡುತ್ತಾರೆ ಎಂಬ ಸುದ್ದಿ ಮೊದಲು ಬಂದಾಗ ಕಾಲೊನಿಯಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಆಮೇಲೆ ಯಾರೋ ವಾಟ್ಸಾಪಿನಲ್ಲಿ, ನಮ್ಮ ಪಕ್ಕದ ರಾಜ್ಯದವರು ಆಗಲೇ ಅಪ್ಲೈ ಮಾಡಿದ್ದಾರಂತೆ ಎಂದು ಹಾಕಿದರು. ಅಷ್ಟೇ ಸಾಕಾಯಿತು. ಅರ್ಧ ಗಂಟೆಯೊಳಗೆ ಎಲ್ಲರ ಎದೆಯಲ್ಲೂ ನಾಡು ನುಡಿ ಉಕ್ಕಿ ಹರಿಯತೊಡಗಿತು. ಮನೆಯಲ್ಲಿ ಮಕ್ಕಳೊಂದಿಗೆ ಒಂದು ವಾಕ್ಯ ಕನ್ನಡ ಆಡದವರೆಲ್ಲ ಹಳದಿ ಕೆಂಪು ಹೃದಯಗಳನ್ನು ಕಳಿಸಿದರು.

ಅಧ್ಯಕ್ಷರ ಮನೆಯ ಬೇಸ್‌ಮೆಂಟಿನಲ್ಲಿ ಸಭೆ ಸೇರಿತು. ಕರ್ನಾಟಕ ಎಂದರೆ ಏನು ಎಂದು ತೀರ್ಮಾನಿಸುವ ಸಭೆ. ಥರ್ಮಾಕೋಲಿನ ಮೈಸೂರು ಅರಮನೆ, ಮೈಸೂರು ರೇಷ್ಮೆ ಸೀರೆ, ಗಂಧದ ಮರದ ಆನೆ, ಬಂದವರ ತಲೆಗಿಟ್ಟು ಫೋಟೋ ತೆಗೆಯಲು ಮೈಸೂರು ಪೇಟ, ಮಧ್ಯದಲ್ಲಿ ಚಾಮುಂಡಿ ತಾಯಿಯ ಫೋಟೋ, ಮುಂದೆ ದೀಪ. ಪಕ್ಕದಲ್ಲಿ ಫಿಲ್ಟರ್ ಕಾಫಿ. ಇಷ್ಟರಲ್ಲಿ ನಾಡು ಮುಗಿದೇ ಹೋಯಿತು. ನಾನು ಹುಬ್ಬಳ್ಳಿಯವಳು. ಹಲ್ಲು ಕಚ್ಚಿಕೊಂಡು ಕೂತಿದ್ದೆ, ಆದರೆ ನನ್ನ ಹಲ್ಲಿಗೆ ಅಷ್ಟು ತಾಳ್ಮೆಯಿಲ್ಲ.

“ಅಂಕಲ್, ಇದರಾಗ ನಮ್ಮ ಕಡೇದು ಒಂದೂ ಇಲ್ಲಲ್ಲ?” ಎಂದೆ.

“ಇರ್ಬೇಕು ಕಣಮ್ಮ, ಖಂಡಿತ ಇರ್ಬೇಕು. ನಾರ್ತ್ ಕರ್ನಾಟಕಕ್ಕೂ ಒಂದು ರೆಪ್ರೆಸೆಂಟೇಷನ್ ಕೊಡೋಣ,” ಎಂದು ಅಧ್ಯಕ್ಷರು ಬೇಲೂರು ಹಳೇಬೀಡನ್ನು ನನ್ನ ಹೆಸರಿಗೆ ಬರೆದುಕೊಡುವವರ ಹಾಗೆ ಕೈ ಚಾಚಿದರು. “ನಿಮ್ಮ ಅತ್ತೆ ಅದೇನೋ ರಗ್ಗು ಹೊಲೀತಾರಂತಲ್ಲ? ಅದನ್ನೇ ತನ್ನಿ.”

ನನ್ನ ಗಂಡ ಸಮಿತಿಯ ಸದಸ್ಯ. ಯಾರು ಏನು ಹೇಳಿದರೂ ಹೂಂ ಎನ್ನುವುದು ಅವನ ಸದಸ್ಯತ್ವ. ಅದು ರಗ್ಗಲ್ಲ, ಕೌದಿ ಎಂದು ಹೇಳುವ ಕೆಲಸವನ್ನು ಅವನು ನನಗೇ ಬಿಟ್ಟುಕೊಟ್ಟ.

ನಮ್ಮ ಅತ್ತೆ ಬಾಗಲಕೋಟೆ ಕಡೆಯವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ಈ ದೇಶಕ್ಕೆ ಬಂದಂದಿನಿಂದ ಕಾಲೊನಿಯ ಜನ ಅವರನ್ನು ಕೇಳಿರುವುದು ಒಂದೇ ಪ್ರಶ್ನೆ, “ಚಳಿ ಅಡ್ಜಸ್ಟ್ ಆಯ್ತಾ ಆಂಟಿ?” ಉತ್ತರ ಬರುವಷ್ಟರಲ್ಲಿ ಕೇಳಿದವರು ಸಮೋಸದ ಕಡೆ ಹೋಗಿರುತ್ತಾರೆ. ಅತ್ತೆ ಕಿಟಕಿ ಪಕ್ಕ ಕೂತು ಹಳೆಯ ಸೀರೆ, ಪಂಚೆ, ನನ್ನ ಮಗಳ ಸಣ್ಣದಾದ ಫ್ರಾಕು ಎಲ್ಲವನ್ನೂ ಕತ್ತರಿಸಿ, ಒಂದರ ಮೇಲೊಂದು ಹಾಸಿ, ಅಂಚಿನಿಂದ ಒಳಕ್ಕೆ ಸುತ್ತುಸುತ್ತಾಗಿ ಹೊಲಿಯುತ್ತಾರೆ. ಸಾಲು ಎಂದರೆ ಸಾಲು, ಎಲ್ಲೂ ಸೊಟ್ಟಗಾಗುವುದಿಲ್ಲ. ಮಿಷನ್ ತಂದುಕೊಡಲೇ ಎಂದು ಕೇಳಿದ್ದಕ್ಕೆ, “ಮಿಷನ್ ಹೊಲದ ಕೌದಿ ಮೈಗೆ ಹತ್ತಂಗಿಲ್ಲ,” ಎಂದಿದ್ದರು.

ಸಮಿತಿಯ ಅಪ್ಪಣೆ ತಿಳಿಸಿದಾಗ ಅತ್ತೆ ಸೂಜಿ ನಿಲ್ಲಿಸಿ ಕೇಳಿಸಿಕೊಂಡರು.

“ಕೊಡ್ತೀನಿ. ಆದ್ರ ಒಂದ ಮಾತು. ಇದನ್ನ ನಾ ಹೊಲದೇನಿ ಅಂತ ಹೇಳಬೇಕು. ನನ್ನ ಹೆಸರ ತಗೊಂಡ ಹೇಳಬೇಕು.”

ನನಗೆ ಆಶ್ಚರ್ಯವಾಯಿತು. ಊಟಕ್ಕೆ ಬಡಿಸಿದರೆ ಇನ್ನೊಂದು ಸೌಟು ಸಾರು ಕೇಳಲೂ ಸಂಕೋಚಪಡುವ ಹೆಂಗಸು. ಆಮೇಲೆ ಅವರೇ ಬಿಡಿಸಿ ಹೇಳಿದರು. ತುಂಬಿದ ಮನೆ, ಹೆರಿಗೆಗೆ ಬಂದವರಿಗೆ, ಮದುವೆಯಾಗಿ ಹೋದವರಿಗೆ, ಬೀಗರಿಗೆ ಎಲ್ಲರಿಗೂ ಕೌದಿ ಹೊಲಿದುಕೊಟ್ಟವರು ಇವರು. ಕೊಡುವ ಹೊತ್ತಿಗೆ ಹಿರೇ ನೆಗೆಣ್ಣಿ, ಮಾವನ ಅಣ್ಣನ ಹೆಂಡತಿ, ಮುಂದೆ ಬಂದು, “ನಾವು ಹೊಲದದ್ದು, ತಗೋರಿ,” ಎಂದು ಕೊಡುತ್ತಿದ್ದಳಂತೆ. “ಆಕಿ ಒಂದ ಸರ್ತಿನೂ ಸೂಜ್ಯಾಗ ದಾರ ಪೋಣಿಸಿಲ್ಲ, ಯವ್ವಾ. ಈಗ ಆಕಿನೂ ಇಲ್ಲ. ಆದ್ರ ಆ ಊರಾಗ ಯಾರನ್ನ ಕೇಳಿದ್ರೂ ಕೌದಿ ಅಂದ್ರ ಆಕೀ ಕೌದೀನ ಅಂತಾರ.”

ಹೇಳಿಸುತ್ತೇನೆ ಎಂದು ನಾನು ಮಾತು ಕೊಟ್ಟೆ. ಅವರ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡದಾಗಿ ಬರೆದು ಒಂದು ಕಾರ್ಡು ಮಾಡಿ ಲ್ಯಾಮಿನೇಟ್ ಮಾಡಿಸಿದೆ.

ಅತ್ತೆ ಇದಕ್ಕೆಂದೇ ಹೊಸ ಕೌದಿ ಶುರು ಮಾಡಿದರು. ತಮ್ಮ ಮದುವೆಯ ಇಳಕಲ್ ಸೀರೆಯ ಸೆರಗು, ತಮ್ಮ ತಾಯಿ ಕೊನೆಗಾಲದಲ್ಲಿ ಉಡುತ್ತಿದ್ದ ಹಸಿರು ಸೀರೆ, ಮಾವ ತಲೆಗೆ ಸುತ್ತುತ್ತಿದ್ದ ಪಟಕದ ಬಟ್ಟೆ, ಟ್ರಂಕಿನ ತಳದಲ್ಲಿ ಇಷ್ಟು ದಿನ ಮಡಿಚಿಟ್ಟಿದ್ದನ್ನೆಲ್ಲ ಹೊರಗೆ ತೆಗೆದರು. ಎರಡು ಮಂಚಕ್ಕಾಗುವಷ್ಟು ದೊಡ್ಡದು. ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ನಾಲ್ಕು ಕಾಳು ಜೋಳ ಹಾಕಿ ಹೊಲಿದರು. ಅದು ಅವರ ತವರಿನ ಪದ್ಧತಿ, ಕೌದಿ ಹಸಿದಿರಬಾರದಂತೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ.

ಶುಕ್ರವಾರ ವ್ಯಾನ್ ತುಂಬಿಕೊಂಡು ಹೊರಟೆವು. ಥರ್ಮಾಕೋಲಿನ ಅರಮನೆಗೆ ಏಟಾಗಬಾರದೆಂದು ಅದಕ್ಕೊಂದು ಪೂರ್ತಿ ಸೀಟು, ಅತ್ತೆಗೆ ಅದರ ಪಕ್ಕದಲ್ಲಿ ಉಳಿದ ಜಾಗ. ಅಧ್ಯಕ್ಷರು ಐ-94 ಹೆದ್ದಾರಿಯ ಉದ್ದಕ್ಕೂ ಹಿಂದಿನ ಕಾರಿನಿಂದ ಫೋನ್ ಮಾಡಿ ಅರಮನೆಯ ಆರೋಗ್ಯ ವಿಚಾರಿಸಿದರು. ಡೆಟ್ರಾಯಿಟಿನ ಕನ್ನಡದವರು ಉಳಿಯಲು ಮನೆ ಕೊಟ್ಟರು, ಬಿಸಿಬೇಳೆಬಾತ್ ಬಡಿಸಿದರು. ಪ್ರತಿಯಾಗಿ ಸ್ಟಾಲಿನ ಬೋರ್ಡಿನ ಮೇಲೆ ತಮ್ಮ ಊರಿನ ಹೆಸರೂ ಇರಲಿ ಎಂದು ಕೇಳಿದರು. ಅಧ್ಯಕ್ಷರು ಬಾತ್ ಬಾಯಲ್ಲಿಟ್ಟುಕೊಂಡೇ, “ನೋಡೋಣ,” ಎಂದರು. ಆ ನೋಡೋಣದ ಅರ್ಥ ಬಡಿಸುತ್ತಿದ್ದವರಿಗೂ ಗೊತ್ತಾಯಿತು, ತುಪ್ಪದ ಬಟ್ಟಲು ಅಲ್ಲಿಂದ ಮುಂದಕ್ಕೆ ಹೋಯಿತು.

ಶನಿವಾರ ಬೆಳಿಗ್ಗೆ ಪ್ರದರ್ಶನದ ಹಾಲ್‌ಗೆ ಹೋದರೆ, ಅಧ್ಯಕ್ಷರ ಹೆಂಡತಿ ಆಗಲೇ ಬಂದು ಸ್ಟಾಲನ್ನು ವಶಕ್ಕೆ ತೆಗೆದುಕೊಂಡಿದ್ದರು. ರೇಷ್ಮೆ ಸೀರೆಗಳೆಲ್ಲ ಹಿಂದಿನ ಗೋಡೆಗೆ ಪಿನ್ನಾಗಿದ್ದವು. ನಾನು ಕೌದಿ ಬಿಚ್ಚಿ ತೋರಿಸಿದೆ. ಅವರು ಎರಡು ಬೆರಳಲ್ಲಿ ಅಂಚು ಹಿಡಿದರು.

“ಚೆನ್ನಾಗಿದೆ. ಆದ್ರೆ ಇದು ಹೊಸ ಬಟ್ಟೇಲಿ ಮಾಡಿದ್ದಲ್ವಾ?”

“ಕೌದಿ ಅಂದ್ರ ಹಳೇ ಬಟ್ಟೀದ ಇರತೈತ್ರಿ,” ಎಂದು ಅತ್ತೆ ಉತ್ಸಾಹದಿಂದ ವಿವರಿಸಿದರು. “ಈ ಹಸರ ತುಂಡ ನೋಡ್ರಿ, ನಮ್ಮವ್ವಂದು. ಆಕಿ ಸಾಯೂ ಮುಂದ ಇದನ್ನ ಉಟ್ಟಿದ್ಲು.”

ಆ ಒಂದು ಮಾತು ಸಾಕಾಯಿತು. ಅಧ್ಯಕ್ಷರ ಹೆಂಡತಿ ಕೈ ಬಿಟ್ಟು, ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲಿ ಹಿಡಿದುಕೊಂಡು ನಿಂತರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ತಪ್ಪು ತಿಳ್ಕೋಬೇಡಿ. ತಾಯಿ ಫೋಟೋ ಇದೆ, ದೀಪ ಹಚ್ತೀವಿ. ಸತ್ತವರು ಉಟ್ಟಿದ್ದು, ಮೈಲಿಗೆ ಬಟ್ಟೆ, ಹೇಗೆ ಒಳಗಿಡೋದು ಹೇಳಿ?” ಎಂದರು. ಆರತಿ ತಟ್ಟೆಯ ಪಕ್ಕದಲ್ಲೇ ತಮ್ಮ ಚರ್ಮದ ಪರ್ಸು ಕೂತಿದ್ದು ಅವರಿಗೆ ಕಾಣಲಿಲ್ಲ. ನನ್ನ ಗಂಡನ ಕಡೆ ನೋಡಿದೆ. ಅವನು ಅರಮನೆಯ ಗೋಪುರಕ್ಕೆ ಬಹಳ ಶ್ರದ್ಧೆಯಿಂದ ಗೋಂದು ಹಚ್ಚುತ್ತಿದ್ದ. ಕೌದಿ ಟೇಬಲ್ಲಿನ ಕೆಳಗೆ, ಖಾಲಿ ಡಬ್ಬಗಳ ಜೊತೆ ಹೋಯಿತು. ನಾನು ಮಾಡಿಸಿದ ಕಾರ್ಡು ಎಲ್ಲಿ ಹೋಯಿತೋ ದೇವರೇ ಬಲ್ಲ.

ಅತ್ತೆ, “ಆಮ್ಯಾಲೆ ಹಾಕ್ತಾರೇನು?” ಎಂದಷ್ಟೇ ಕೇಳಿದರು.

ಅಷ್ಟರಲ್ಲಿ ಇನ್ನೊಂದು ದೊಡ್ಡ ವಿಷಯ ಎದ್ದಿತು. ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ರಾಹುಕಾಲದಲ್ಲಿ ದೀಪ ಹಚ್ಚುವ ಹಾಗಿಲ್ಲ, ದೀಪ ಹಚ್ಚದೆ ಸ್ಟಾಲ್ ತೆರೆಯುವ ಹಾಗಿಲ್ಲ. ಹತ್ತೂವರೆಗೆ ತೆರೆದರಾಯಿತು, ತೀರ್ಪುಗಾರರು ನಮ್ಮ ಸಾಲಿಗೆ ಬರುವುದು ಹನ್ನೊಂದಕ್ಕೆ ತಾನೇ ಎಂದು ಡೆಟ್ರಾಯಿಟಿನವರು ಹೇಳಿದರು. ಅಧ್ಯಕ್ಷರ ಹೆಂಡತಿ ತಲೆ ಅಲ್ಲಾಡಿಸಿದರು. ಡೆಟ್ರಾಯಿಟಿನ ಗಡಿಯಾರ ಷಿಕಾಗೋಗಿಂತ ಒಂದು ಗಂಟೆ ಮುಂದೆ. “ನಾವು ಸಂಕಲ್ಪ ಮಾಡಿದ್ದು ಷಿಕಾಗೋದಲ್ಲಿ. ಸ್ಟಾಲು ಷಿಕಾಗೋದು. ಹಾಗಾಗಿ ನಮಗೆ ಲೆಕ್ಕ ಷಿಕಾಗೋ ರಾಹುಕಾಲ. ಅಲ್ಲಿ ಹತ್ತೂವರೆ ಅಂದ್ರೆ ಇಲ್ಲಿ ಹನ್ನೊಂದೂವರೆ.”

ಇಬ್ಬರು ಡಾಕ್ಟರು, ಐದಾರು ಜನ ಎಂಜಿನಿಯರುಗಳು ಈ ವಾದವನ್ನು ಗಂಭೀರವಾಗಿ ಪರಿಶೀಲಿಸಿದರು. ಒಬ್ಬರು ಫೋನಿನಲ್ಲಿ ಸೂರ್ಯೋದಯ ಹುಡುಕಿದರು. ಇಲ್ಲಿಯ ಸೂರ್ಯನಿಗೆ ಇಲ್ಲಿಯ ರಾಹು ಎಂದು ಡೆಟ್ರಾಯಿಟಿನವರು ಪಟ್ಟು ಹಿಡಿದರು, ಅವರಿಗೆ ಇನ್ನೂ ಬೋರ್ಡಿನ ಸಿಟ್ಟು ಆರಿರಲಿಲ್ಲ. ಕೊನೆಗೆ ಅಧ್ಯಕ್ಷರು ಕೆಮ್ಮಿ, ರಾಹು ನಮ್ಮ ಜೊತೆ ವ್ಯಾನಿನಲ್ಲೇ ಬಂದಿದ್ದಾನೆ ಎಂದು ತೀರ್ಪು ಕೊಟ್ಟರು. ಆ ಪದಗಳಲ್ಲಿ ಅಲ್ಲ, ಅರ್ಥ ಮಾತ್ರ ಅದೇ. ನಾನು ಬಾಯಿ ತೆರೆದೆ. ಗಂಡ ನನ್ನ ಮೊಣಕೈ ಒತ್ತಿ, “ಹೋಗ್ಲಿ ಬಿಡು, ದೊಡ್ಡವರು,” ಎಂದ.

ಈಗ ಸ್ಟಾಲನ್ನು ಹನ್ನೊಂದೂವರೆಯವರೆಗೆ ಮುಚ್ಚಿಡಬೇಕು. ಯಾವುದರಿಂದ? ರೇಷ್ಮೆ ಸೀರೆಗಳೆಲ್ಲ ಗೋಡೆಯಲ್ಲಿವೆ, ಟೇಬಲ್ ಬಟ್ಟೆಗಳ ಮೇಲೆ ಆನೆ ಅರಮನೆ ಕೂತಿವೆ. ಯಾರೋ ಟೇಬಲ್ಲಿನ ಕೆಳಗಿಂದ ಕೌದಿ ಎಳೆದರು. ಅಧ್ಯಕ್ಷರ ಹೆಂಡತಿ ಒಂದು ಕ್ಷಣ ಯೋಚಿಸಿ, “ಹೊರಗಡೆ ತಾನೇ, ಪರವಾಗಿಲ್ಲ,” ಎಂದರು. ಹೀಗೆ ನಮ್ಮ ಅತ್ತೆಯ ಕೌದಿ ಸ್ಟಾಲಿನ ಮುಂಭಾಗದಲ್ಲಿ, ಈ ಕಂಬದಿಂದ ಆ ಕಂಬಕ್ಕೆ, ಹಗ್ಗದ ಮೇಲೆ ಕ್ಲಿಪ್ಪು ಹಾಕಿಸಿಕೊಂಡು ಪರದೆಯಾಗಿ ನೇತಾಡಿತು. ಒಳಗೆ ಪೂರ್ತಿ ಸಮಿತಿ ರಾಹುವಿಗೆ ಹೆದರಿ ಪಿಸುಪಿಸು ಮಾತಾಡುತ್ತ ಕುಳಿತಿತು. ಹೊರಗೆ ಒಂದು ಮಡಚುವ ಕುರ್ಚಿಯಲ್ಲಿ ಅತ್ತೆ, ಪಕ್ಕದಲ್ಲಿ ನಾನು. ಒಳಗೆ ಕೂತರೆ ಯಾರಿಗಾದರೂ ಏನಾದರೂ ಅಂದುಬಿಡುತ್ತೇನೆಂದು ನಾನೇ ಹೊರಗುಳಿದಿದ್ದೆ.

ಹನ್ನೊಂದಕ್ಕೆ ತೀರ್ಪುಗಾರರು ಬಂದರು. ಇಬ್ಬರು ಗಂಡಸರು, ಒಬ್ಬ ಎತ್ತರದ ಅಮೆರಿಕನ್ ಹೆಂಗಸು, ಬಿಳಿ ಕೂದಲು, ಕನ್ನಡಕ ದಾರದಲ್ಲಿ ಕುತ್ತಿಗೆಗೆ ನೇತುಬಿದ್ದಿದೆ. ಸ್ಟಾಲ್ ಯಾಕೆ ಮುಚ್ಚಿದೆ ಎಂದು ಕೇಳಿದರೆ ಏನು ಹೇಳುವುದೆಂದು ನಾನು ಇಂಗ್ಲಿಷಿನಲ್ಲಿ ರಾಹುವನ್ನು ಹುಡುಕುತ್ತಿದ್ದೆ. ಆಕೆ ಕೇಳಲೇ ಇಲ್ಲ. ಕನ್ನಡಕ ಏರಿಸಿಕೊಂಡು ಕೌದಿಯ ಹತ್ತಿರ ಬಂದರು. ಮೊದಲು ದೂರದಿಂದ, ಆಮೇಲೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ಕೈ ಹಚ್ಚಬಹುದೇ ಎಂದು ಕೇಳಿದರು. ಅಂಚು ತಿರುಗಿಸಿ ಹಿಂಬದಿಯ ಹೊಲಿಗೆ ನೋಡಿದರು, ಮೊಣಕಾಲೂರಿ ಕೆಳಗಿನ ಮೂಲೆಯವರೆಗೂ ಹೋದರು. ಆ ಮೂಲೆಯಲ್ಲಿ ಬೆರಳಿಗೆ ಏನೋ ಗಟ್ಟಿಯಾಗಿ ಸಿಕ್ಕಿತು.

ಏನಿದು ಎಂದು ಆಕೆ ಕೇಳಿದ್ದನ್ನು ನಾನು ಅತ್ತೆಗೆ ಹೇಳಿದೆ. ಅತ್ತೆ ಹೇಳಿದ್ದನ್ನು ಆಕೆಗೆ ಹೇಳಿದೆ. ಜೋಳ, ಕೌದಿ ಹಸಿದಿರಬಾರದು, ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಬರುವುದಿಲ್ಲ. ಆಕೆ ನೆಲದ ಮೇಲೆ ಕೂತಲ್ಲೇ ಆ ಮೂಲೆಯನ್ನು ಮತ್ತೊಮ್ಮೆ ಬೆರಳಲ್ಲಿ ಒತ್ತಿ ನೋಡಿದರು. ತಾನೂ ಕ್ವಿಲ್ಟ್ ಹೊಲಿಯುತ್ತೇನೆ, ತನ್ನ ಅಜ್ಜಿಯೂ ಹಿಟ್ಟಿನ ಚೀಲದ ಬಟ್ಟೆಯಲ್ಲಿ ಹೊಲಿಯುತ್ತಿದ್ದಳು ಎಂದರು. ಅತ್ತೆ ಹಸಿರು ತುಂಡು ತೋರಿಸಿ, “ನಮ್ಮವ್ವಂದು,” ಎಂದರು. ಅದನ್ನು ನಾನು ಅನುವಾದಿಸುವ ಮುಂಚೆಯೇ ಆಕೆ ತಲೆ ಆಡಿಸಿಬಿಟ್ಟರು. ಬೇರೆ ಸ್ಟಾಲುಗಳ ಹೆಂಗಸರೂ ಬಂದು ಸುತ್ತ ನೆರೆದರು. ಅತ್ತೆ ಕುರ್ಚಿಯಿಂದೆದ್ದು, ಸೆರಗು ಸರಿ ಮಾಡಿಕೊಂಡು, ಯಾವ ತುಂಡು ಯಾರದೆಂದು ಬಾಗಲಕೋಟೆಯ ಕನ್ನಡದಲ್ಲೇ ಹೇಳುತ್ತ ಹೋದರು. ಅವರ ದನಿ ಅಷ್ಟು ಗಟ್ಟಿ ಇದೆಯೆಂದು ನನಗೆ ಅವತ್ತೇ ಗೊತ್ತಾಗಿದ್ದು. ನನಗೆ ಬಹಳ ಸಂತೋಷವಾಯಿತು.

ಒಳಗಿನಿಂದ ಒಂದು ದನಿ ಬಂತು. “ಯಾರಮ್ಮ ಅದು ಗಲಾಟೆ? ಇನ್ನೂ ಇಪ್ಪತ್ತು ನಿಮಿಷ ಇದೆ, ಪರದೆ ಮುಟ್ಟಬೇಡಿ ಅಂತ ಹೇಳಿ.”

ರಾಹು ಷಿಕಾಗೋ ಬಿಟ್ಟ ಮೇಲೆ ಪರದೆ ಇಳಿಯಿತು, ದೀಪ ಹೊತ್ತಿತು, ಅಧ್ಯಕ್ಷರು ಪೇಟ ಧರಿಸಿ ಅರಮನೆಯ ಪಕ್ಕ ನಿಂತರು. ಆ ಹೊತ್ತಿಗೆ ತೀರ್ಪುಗಾರರು ಮುಂದಿನ ಸಾಲಿನಲ್ಲಿದ್ದರು. ಅಧ್ಯಕ್ಷರಿಗೆ ಇದು ತಿಳಿದಾಗ ಮುಖ ಹುಳಿ ಮಜ್ಜಿಗೆ ಕುಡಿದ ಹಾಗಾಯಿತು. ಡೆಟ್ರಾಯಿಟಿನವರೇ ತೀರ್ಪುಗಾರರನ್ನು ಬೇಗ ಕಳಿಸಿರಬೇಕು ಎಂದರು. ಕೌದಿ ಮತ್ತೆ ಟೇಬಲ್ಲಿನ ಕೆಳಗೆ ಹೋಯಿತು.

ಮಧ್ಯಾಹ್ನ ಮೂರರ ಹೊತ್ತಿಗೆ ಮೈಕಿನಲ್ಲಿ ಬಹುಮಾನ ಕೂಗಿದರು. ಕರಕುಶಲ ವಿಭಾಗದಲ್ಲಿ ಕರ್ನಾಟಕದ ಸ್ಟಾಲು, ಕೈಯಲ್ಲಿ ಹೊಲಿದ ಕ್ವಿಲ್ಟಿಗೆ. ಸಮಿತಿಯವರು ಮುಖ ಮುಖ ನೋಡಿಕೊಂಡರು. ಯಾವ ಕ್ವಿಲ್ಟು ಎಂದು ಒಬ್ಬರು ಕೇಳಿಯೂ ಬಿಟ್ಟರು. ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ. ಅಧ್ಯಕ್ಷರ ಹೆಂಡತಿ ತಾವೇ ಬಗ್ಗಿ ಕೌದಿ ಎಳೆದರು, ಕೊಡವಿದರು, ಎರಡು ರೇಷ್ಮೆ ಸೀರೆ ಕಿತ್ತು ಆ ಜಾಗದಲ್ಲಿ, ಚಾಮುಂಡಿ ತಾಯಿಯ ನೆತ್ತಿಯ ಮೇಲೆಯೇ ಅದನ್ನು ನೇತುಹಾಕಿಸಿದರು. ಬೆಳಿಗ್ಗೆಯ ಮೈಲಿಗೆ ಮಧ್ಯಾಹ್ನಕ್ಕೆ ಎಲ್ಲಿ ಹೋಯಿತೋ. ಯಾರೋ ಮಾರ್ಕರಿನಲ್ಲಿ ಹೊಸ ಕಾರ್ಡು ಬರೆದು ಅಂಟಿಸಿದರು. ಮೈಸೂರು ರಾಜಮನೆತನದ ಪಾರಂಪರಿಕ ಕೌದಿ, ಮಹಿಳಾ ವಿಭಾಗದ ಕೊಡುಗೆ.

ಅಧ್ಯಕ್ಷರು ವೇದಿಕೆ ಹತ್ತಿ ಮೈಕ್ ಹಿಡಿದರು. ಮಾತಾಡಿದ್ದು ಇಂಗ್ಲಿಷಿನಲ್ಲಿ. ಮೈಸೂರಿನ ಮಹಾರಾಜರ ಕಲಾಪ್ರೇಮ, ಸಾವಿರಾರು ವರ್ಷಗಳ ಪರಂಪರೆ, ತಮ್ಮ ಮುಂದಾಳ್ತನ. ಪ್ರದರ್ಶನವನ್ನು ರೂಪಿಸಿದ್ದಕ್ಕೆ ಹೆಂಡತಿಗೆ ಧನ್ಯವಾದ. ಅರಮನೆ ಕತ್ತರಿಸಿದವರ ಹೆಸರು, ಕಾಫಿ ಸೋಸಿದವರ ಹೆಸರು, ವ್ಯಾನ್ ಡ್ರೈವ್ ಮಾಡಿದ ನನ್ನ ಗಂಡನ ಹೆಸರು. ಅತ್ತೆ ಮೊದಲ ಸಾಲಿನಲ್ಲಿ ಕೂತು, ಒಂದೂ ಅರ್ಥವಾಗದೆ, ಪ್ರತಿ ಸಲ ಜನ ಚಪ್ಪಾಳೆ ತಟ್ಟಿದಾಗ ತಾವೂ ತಟ್ಟುತ್ತಿದ್ದರು. ಬಿಳಿ ಕೂದಲಿನ ಆ ಹೆಂಗಸು ಸಭೆಯ ಇನ್ನೊಂದು ತುದಿಯಲ್ಲಿ ಎದ್ದು ನಿಂತು ಅತ್ತೆಯ ಕಡೆ ಕೈ ತೋರಿಸುತ್ತಿದ್ದರು. ಅಧ್ಯಕ್ಷರು ಅವರಿಗೂ ಕೈ ಬೀಸಿದರು.

ಅವರು ಇಳಿದು ಬಂದ ಕೂಡಲೆ ನಾನು ಅಡ್ಡ ನಿಂತೆ. “ಅಂಕಲ್, ಅತ್ತಿ ಹೆಸರ ಯಾಕ ಹೇಳ್ಲಿಲ್ಲ?”

“ನೋಡಮ್ಮ, ಇದು ಟೀಮ್ ಎಫರ್ಟು. ಒಬ್ಬೊಬ್ಬರ ಹೆಸರು ಹೇಳ್ತಾ ಕೂತ್ರೆ ಉಳಿದೋರು ಬೇಜಾರು ಮಾಡ್ಕೋತಾರೆ,” ಎಂದರು, ಎಲ್ಲರ ಹೆಸರನ್ನೂ ಈಗಷ್ಟೇ ಹೇಳಿ ಬಂದ ಮನುಷ್ಯ. “ಅಂದ ಹಾಗೆ ಆ ಕೌದಿ ನಮ್ಮ ಹತ್ರನೇ ಇರ್ಲಿ. ಮುಂದಿನ ಎಕ್ಸಿಬಿಷನ್‌ಗೂ ಬೇಕಾಗುತ್ತೆ.”

ನನ್ನ ಗಂಡ ಹಿಂದಿನಿಂದ, “ಆಯ್ತು ಸರ್,” ಎಂದ.

ನಾನು ಸ್ಟಾಲಿಗೆ ಹೋದೆ. ಕುರ್ಚಿ ಹತ್ತಿ ಕ್ಲಿಪ್ಪುಗಳನ್ನು ಒಂದೊಂದಾಗಿ ಕಿತ್ತೆ. ಫೋಟೋ ತೆಗೆಸಿಕೊಳ್ಳುತ್ತಿದ್ದವರು ಪೇಟ ಸಮೇತ ಚೆದುರಿದರು. ಕೌದಿ ಬೀಳುವಾಗ ಅರಮನೆಯ ಒಂದು ಗೋಪುರವೂ ಬಿತ್ತು. ಅದಕ್ಕೆ ನನಗೆ ಇವತ್ತಿಗೂ ಒಂದಿಷ್ಟೂ ಪಶ್ಚಾತ್ತಾಪವಿಲ್ಲ. ಮಡಿಚಿ, ಎದೆಗೊತ್ತಿಕೊಂಡು, ಎಲ್ಲರ ಮುಂದೆ ನಡೆದು ವ್ಯಾನಿಗೆ ಬಂದೆ. ಗೆದ್ದೆ ಎಂದೇ ನನ್ನ ಭಾವನೆ. ಕಾಲೊನಿಯವರು ಆಮೇಲೆ ನನ್ನನ್ನು ಗಯ್ಯಾಳಿ ಎಂದರಂತೆ, ಅದೂ ನನಗೆ ಬಹುಮಾನವೇ.

ಅತ್ತೆ ಹಿಂದಿನ ಸೀಟಿನಲ್ಲಿ ಕೂತಿದ್ದರು. ಕೌದಿ ಅವರ ತೊಡೆಯ ಮೇಲಿಟ್ಟು ಪಕ್ಕದಲ್ಲಿ ಕೂತೆ. ಅವರು ಅದನ್ನು ನೋಡಲಿಲ್ಲ. ವ್ಯಾನ್ ಪಾರ್ಕಿಂಗ್ ಲಾಟಿನಿಂದ ಹೊರಬೀಳುವ ಮುಂಚೆ ಮುಂದಕ್ಕೆ ಬಾಗಿ ಮಗನ ಭುಜ ಮುಟ್ಟಿದರು.

“ತಮ್ಮಾ, ಅವರು ಮ್ಯಾಲೆ ನಿಂತ ಮಾತಾಡಿದ್ರಲ್ಲ. ನನ್ನ ಹೆಸರ ಹೇಳಿದ್ರೇನು?”

ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿದ. ನಾನು ಬಾಯಿ ತೆರೆಯುವಷ್ಟರಲ್ಲಿ, “ಹೇಳಿದ್ರವ್ವಾ, ಹೇಳಿದ್ರು. ಇಂಗ್ಲಿಷಿನ್ಯಾಗ ಹೇಳಿದ್ರು, ಅದಕ್ಕ ನಿನಗ ತಿಳೀಲಿಲ್ಲ,” ಎಂದುಬಿಟ್ಟ.

ಅತ್ತೆ ಹಿಂದಕ್ಕೆ ಒರಗಿದರು. ವ್ಯಾನ್ ಹೈವೇಗೆ ಸೇರಿದ ಮೇಲೆ ಮೆಲ್ಲಗೆ ಕೇಳಿದರು.

“ಇಂಗ್ಲಿಷಿನ್ಯಾಗ ನನ್ನ ಹೆಸರು ಬ್ಯಾರೆ ಐತೇನೋ, ಯಪ್ಪಾ?”